ಹಾವಿಗೆ ತನ್ನ ವಿಷ ಏರುವುದಿಲ್ಲವೇ?

ಮಳೆಗಾಲ ಬಂತೆಂದರೆ ಕಾರವಾರ, ಅಂಕೋಲಾ ಸೀಮೆಯ ಮನೆಗಳಲ್ಲಿ ಹಾವಿನ ಮಾತು ಶುರುವಾಗುತ್ತದೆ. ಕೊಟ್ಟಿಗೆಯಲ್ಲಿ ಕಂಡದ್ದು, ಬಚ್ಚಲ ಮೂಲೆಯಲ್ಲಿ ಸುರುಳಿ ಸುತ್ತಿ ಮಲಗಿದ್ದು, ದರಕಿನ ರಾಶಿಯಿಂದ ಸರಕ್ಕನೆ ಹರಿದುಹೋದದ್ದು - ಹೀಗೆ ಒಬ್ಬೊಬ್ಬರದು ಒಂದೊಂದು ಕಥೆ. ಈ ಮಾತಿನ ನಡುವೆ ಮಕ್ಕಳು ಸಾಮಾನ್ಯವಾಗಿ ಕೇಳುವ ಒಂದು ಪ್ರಶ್ನೆ ಇದೆ: "ನಾಗರಹಾವು ತಪ್ಪಿ ತನ್ನ ನಾಲಿಗೆಯನ್ನೇ ಕಚ್ಚಿಕೊಂಡರೆ ಅದು ಸಾಯುತ್ತದೆಯೇ?"

ದೊಡ್ಡವರು ನಕ್ಕು ಸುಮ್ಮನಾಗುತ್ತಾರೆ. ಆದರೆ ಪ್ರಶ್ನೆ ನಗುವಂಥದ್ದಲ್ಲ. ಒಂದು ಹನಿ ವಿಷದಿಂದ ಎತ್ತಿನಂಥ ಪ್ರಾಣಿಯನ್ನೂ ಕೆಡವಬಲ್ಲ ಹಾವು, ಅದೇ ವಿಷವನ್ನು ಬಾಯಲ್ಲಿಟ್ಟುಕೊಂಡು ಜೀವನವಿಡೀ ಹೇಗೆ ಬದುಕುತ್ತದೆ? ವಿಷ ಹಾಕಿ ಕೊಂದ ಇಲಿಯನ್ನು ನುಂಗಿಯೂ ಹೇಗೆ ಅರಗಿಸಿಕೊಳ್ಳುತ್ತದೆ?

ಇದಕ್ಕೆ ಸರಿಯಾದ ಉತ್ತರ ತಿಳಿದಿರುವುದು ಕುತೂಹಲಕ್ಕಷ್ಟೇ ಅಲ್ಲ, ಪ್ರಾಣ ಉಳಿಸಿಕೊಳ್ಳುವುದಕ್ಕೂ ಬೇಕು. ಏಕೆಂದರೆ ತಪ್ಪು ಉತ್ತರದಿಂದ ಹುಟ್ಟಿದ ನಂಬಿಕೆಗಳು ಇಂದಿಗೂ ಜೀವ ತೆಗೆಯುತ್ತಿವೆ. 'ಹಾವಿಗೆ ವಿಷ ಏರುವುದಿಲ್ಲ, ಆದ್ದರಿಂದ ಅದರ ಮೈಯಲ್ಲೇ ಮದ್ದಿದೆ' ಎನ್ನುವವರಿದ್ದಾರೆ. 'ನನಗೆ ಒಮ್ಮೆ ಕಚ್ಚಿದೆ, ಇನ್ನು ನನಗೇನೂ ಆಗದು' ಎನ್ನುವವರೂ ಇದ್ದಾರೆ. ಇವೆರಡೂ ಏಕೆ ಸರಿಯಲ್ಲ ಎಂಬುದನ್ನು ಒಂದೊಂದಾಗಿ ನೋಡೋಣ.

ಉಣ್ಣುವ ವಿಷ, ಏರುವ ವಿಷ

ಕನ್ನಡದಲ್ಲಿ ಎಲ್ಲದಕ್ಕೂ 'ವಿಷ' ಎಂಬ ಒಂದೇ ಪದವಿದೆ. ಕಾಸರಕದ ಬೀಜವೂ ವಿಷ, ಗದ್ದೆಗೆ ಹೊಡೆಯುವ ಕೀಟನಾಶಕವೂ ವಿಷ, ಹಾವಿನ ಹಲ್ಲಿನಿಂದ ಇಳಿಯುವುದೂ ವಿಷ. ಆದರೆ ಮೊದಲೆರಡು ಹೊಟ್ಟೆಗೆ ಹೋದರೆ ಕೊಲ್ಲುವಂಥವು. ಹಾವಿನದು ಹಾಗಲ್ಲ. ಅದು ಚರ್ಮವನ್ನು ಚುಚ್ಚಿ ಮಾಂಸಕ್ಕೆ, ಅಲ್ಲಿಂದ ರಕ್ತಕ್ಕೆ ಸೇರಿದರೆ ಮಾತ್ರ ತನ್ನ ಕೆಲಸ ಮಾಡುತ್ತದೆ.

ಹಾವಿನ ವಿಷದ ಬಹುಪಾಲು ಪ್ರೋಟೀನು. ಹಾಲು, ಮೊಟ್ಟೆ, ಬೇಳೆಯಲ್ಲಿರುವುದೂ ಪ್ರೋಟೀನೇ. ಜಠರದ ಆಮ್ಲ ಮತ್ತು ಜೀರ್ಣರಸಗಳು ಮೊಟ್ಟೆಯನ್ನು ಒಡೆದು ಅರಗಿಸುವಂತೆಯೇ ಹಾವಿನ ವಿಷವನ್ನೂ ಒಡೆದುಹಾಕುತ್ತವೆ. ಹಾವು ತಾನು ಕೊಂದ ಇಲಿಯನ್ನು ವಿಷದ ಸಮೇತ ನುಂಗಿದರೂ ಏನೂ ಆಗದಿರಲು ಇದೇ ಮುಖ್ಯ ಕಾರಣ. ಇಲಿಯ ಮೈಯೊಳಗೆ ಸೇರಿದ ವಿಷ, ಆ ಇಲಿಯನ್ನು ಅರಗಿಸಲು ಹಾವಿಗೆ ಸ್ವಲ್ಪ ನೆರವಾಗಬಹುದು ಎಂಬ ಊಹೆಯೂ ಇದೆ, ಆದರೆ ಅದು ಖಚಿತವಾಗಿಲ್ಲ.

ಹಾಗೆಂದು ಯಾರೂ ಪರೀಕ್ಷೆಗೆ ಇಳಿಯಬಾರದು. ಬಾಯಲ್ಲಿ ಹುಣ್ಣು, ವಸಡಿನಲ್ಲಿ ಗಾಯ, ಜಠರದಲ್ಲಿ ಅಲ್ಸರ್ ಇದ್ದರೆ ವಿಷ ನೇರವಾಗಿ ರಕ್ತಕ್ಕೆ ಸೇರಬಹುದು. ಸಿನಿಮಾ ನಾಯಕನಂತೆ ಗಾಯವನ್ನು ಬಾಯಿಂದ ಹೀರುವುದು ಬೇಡ ಎನ್ನುವುದಕ್ಕೆ ಇದೂ ಒಂದು ಕಾರಣ. ಹೀರಿದರೆ ವಿಷ ಹೊರಬರುವುದೂ ಇಲ್ಲ ಎಂಬುದು ಇನ್ನೊಂದು ಕಾರಣ.

ಚೀಲದೊಳಗೆ ಮಲಗಿದ ವಿಷ

ವಿಷ ತಯಾರಾಗುವುದು ಹಾವಿನ ಕಣ್ಣಿನ ಹಿಂದೆ, ಮೇಲ್ದವಡೆಯ ಪಕ್ಕದಲ್ಲಿರುವ ಗ್ರಂಥಿಯಲ್ಲಿ. ನಮ್ಮ ಜೊಲ್ಲಿನ ಗ್ರಂಥಿಗಳಂಥದೇ ಗ್ರಂಥಿ, ಕಾಲಕ್ರಮದಲ್ಲಿ ವಿಷದ ಕಾರ್ಖಾನೆಯಾಗಿ ಮಾರ್ಪಟ್ಟಿದೆ. ಅಲ್ಲಿಂದ ಒಂದು ಸಣ್ಣ ನಾಳ ಟೊಳ್ಳು ಹಲ್ಲಿಗೆ ಸೇರುತ್ತದೆ. ನಾವು ಕೊಡುವ ಇಂಜೆಕ್ಷನ್ ಸೂಜಿಯ ವ್ಯವಸ್ಥೆಯೂ ಇಷ್ಟೇ.

ಗ್ರಂಥಿಯೊಳಗೆ ವಿಷ ವಾರಗಟ್ಟಲೆ ಕುಳಿತಿರುತ್ತದೆ. ಮಾಂಸವನ್ನೇ ಕರಗಿಸಬಲ್ಲ ಈ ದ್ರವ ಗ್ರಂಥಿಯನ್ನೇ ಏಕೆ ಕರಗಿಸುವುದಿಲ್ಲ? ಏಕೆಂದರೆ ಅಲ್ಲಿ ಅದನ್ನು ಮಲಗಿಸಿಡುವ ಏರ್ಪಾಡಿದೆ. ಗ್ರಂಥಿಯೊಳಗಿನ ದ್ರವ ಸ್ವಲ್ಪ ಹುಳಿ, ಅಂದರೆ ಆಮ್ಲೀಯ. ವಿಷದ ಅನೇಕ ಕಿಣ್ವಗಳು ಕೆಲಸ ಮಾಡಲು ಕ್ಯಾಲ್ಸಿಯಂ, ಸತುವಿನಂಥ ಖನಿಜಗಳು ಬೇಕು. ನಿಂಬೆಹಣ್ಣಿನಲ್ಲಿರುವ ಸಿಟ್ರೇಟ್ ಎಂಬ ವಸ್ತುವೇ ಇಲ್ಲೂ ಇದ್ದು, ಆ ಖನಿಜಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಮಂಡಲದ ಜಾತಿಯ ಹಾವುಗಳಲ್ಲಿ ಇನ್ನೂ ಕೆಲವು ಚಿಕ್ಕ ಅಣುಗಳು ಕಿಣ್ವಗಳ ಬಾಯಿಗೆ ಬೀಗ ಹಾಕಿರುತ್ತವೆ. ಕಚ್ಚಿದಾಗ ವಿಷ ಬೇಟೆಯ ದೇಹ ಸೇರಿ, ಅಲ್ಲಿನ ದ್ರವದಲ್ಲಿ ತೆಳುವಾಗಿ, ಈ ಬೀಗಗಳೆಲ್ಲ ಕಳಚಿಕೊಳ್ಳುತ್ತವೆ. ಮಲಗಿದ್ದ ವಿಷ ಆಗ ಎಚ್ಚರಗೊಳ್ಳುತ್ತದೆ.

ರಕ್ತಕ್ಕೇ ಸೇರಿದರೆ?

ಈಗ ಮಕ್ಕಳ ಪ್ರಶ್ನೆಗೆ ಬರೋಣ. ಹಾವು ತನ್ನನ್ನೇ ಕಚ್ಚಿಕೊಂಡರೆ ಅಥವಾ ಅದೇ ಜಾತಿಯ ಇನ್ನೊಂದು ಹಾವು ಕಚ್ಚಿದರೆ ವಿಷ ಹೊಟ್ಟೆಗಲ್ಲ, ರಕ್ತಕ್ಕೇ ಹೋಗುತ್ತದೆ. ಆಗ ಏನಾಗುತ್ತದೆ?

ಈ ಪ್ರಶ್ನೆ ಹಳೆಯದು. ಇಟಲಿಯ ಫೆಲಿಚೆ ಫೊಂಟಾನಾ 1767ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ, ಮಂಡಲದ ಹಾವಿನ ವಿಷ ಅದೇ ಜಾತಿಯ ಹಾವಿಗೆ ತಾಗುವುದಿಲ್ಲ ಎಂಬ ತೀರ್ಮಾನಕ್ಕೆ ಬಂದಿದ್ದ. ಮುಂದೆ ಭಾರತದಲ್ಲಿ ವೈದ್ಯಾಧಿಕಾರಿಯಾಗಿದ್ದ ಜೋಸೆಫ್ ಫೇರರ್ ನಮ್ಮ ದೇಶದ ಹಾವುಗಳ ಮೇಲೆ ಬಹಳಷ್ಟು ಪ್ರಯೋಗ ನಡೆಸಿ 1872ರಲ್ಲಿ ದೊಡ್ಡ ಗ್ರಂಥವನ್ನೇ ಹೊರತಂದ. ನಾಗರದ ವಿಷ ಇನ್ನೊಂದು ನಾಗರವನ್ನು ಸುಲಭಕ್ಕೆ ಕೊಲ್ಲುವುದಿಲ್ಲ, ಆದರೆ ವಿಷವಿಲ್ಲದ ಹಾವುಗಳನ್ನು ಕೊಲ್ಲುತ್ತದೆ ಎಂಬುದು ಹೀಗೆ ಬಹಳ ಹಿಂದೆಯೇ ಗೊತ್ತಾಗಿತ್ತು. ಏಕೆ ಎಂಬುದು ಮಾತ್ರ ತಿಳಿದದ್ದು ಇತ್ತೀಚೆಗೆ.

ಹಾವಿಗೆ ಎರಡು ಬಗೆಯ ಕಾವಲಿದೆ.

ಮೊದಲನೆಯದು ರಕ್ತದಲ್ಲಿ. ವಿಷದ ಹಾವುಗಳ ಯಕೃತ್ತು ಕೆಲವು ವಿಶೇಷ ಪ್ರೋಟೀನುಗಳನ್ನು ತಯಾರಿಸಿ ರಕ್ತಕ್ಕೆ ಬಿಡುತ್ತದೆ. ತನ್ನ ವಿಷದ ಕಿಣ್ವ ರಕ್ತಕ್ಕೆ ಬಂದ ಕೂಡಲೇ ಇವು ಅದನ್ನು ಅಪ್ಪಿ ಹಿಡಿದು ನಿಷ್ಕ್ರಿಯಗೊಳಿಸುತ್ತವೆ. ಜಪಾನಿನ ಹಾಬು ಎಂಬ ಗುಳಿಮಂಡಲದ ರಕ್ತದಲ್ಲಿ ಇಂಥ ಪ್ರೋಟೀನುಗಳನ್ನು ವಿಜ್ಞಾನಿಗಳು ಬೇರ್ಪಡಿಸಿ ತೋರಿಸಿದ್ದಾರೆ.

ಎರಡನೆಯದು ಇನ್ನೂ ಸೊಗಸಾದದ್ದು. ನಾಗರಹಾವಿನ ವಿಷ ನಮ್ಮನ್ನು ಕೊಲ್ಲುವುದು ನರ ಮತ್ತು ಸ್ನಾಯುಗಳ ನಡುವಿನ ಸಂದೇಶವನ್ನು ತಡೆದು. ಕೈ ಎತ್ತಬೇಕೆಂದು ಮಿದುಳು ಹೇಳಿದಾಗ ನರದ ತುದಿಯಿಂದ ಒಂದು ರಾಸಾಯನಿಕ ಹೊರಬಂದು ಸ್ನಾಯುವಿನ ಮೇಲಿರುವ 'ಬೀಗ'ಕ್ಕೆ ಕೀಲಿಯಂತೆ ಕೂರುತ್ತದೆ. ಆಗ ಸ್ನಾಯು ಕುಗ್ಗುತ್ತದೆ. ನಾಗರದ ವಿಷ ಕಳ್ಳಕೀಲಿಯಂತೆ ಹೋಗಿ ಆ ಬೀಗದ ರಂಧ್ರವನ್ನೇ ಮುಚ್ಚಿಬಿಡುತ್ತದೆ. ರೆಪ್ಪೆ ಜೋಲುತ್ತದೆ, ಮಾತು ತೊದಲುತ್ತದೆ, ಕೊನೆಗೆ ಉಸಿರಾಡಿಸುವ ಸ್ನಾಯುಗಳು ನಿಲ್ಲುತ್ತವೆ. ಆದರೆ ನಾಗರದ ಸ್ವಂತ ಸ್ನಾಯುವಿನ ಬೀಗದ ಪಕ್ಕದಲ್ಲಿ ಸಕ್ಕರೆಯ ಅಣುಗಳ ಒಂದು ಗೊಂಚಲು ಅಂಟಿಕೊಂಡಿದೆ. ಚಿಕ್ಕದಾದ ಅಸಲಿ ಕೀಲಿ ಒಳಗೆ ಹೋಗುತ್ತದೆ. ದಪ್ಪನೆಯ ಕಳ್ಳಕೀಲಿಗೆ ಮಾತ್ರ ಆ ಗೊಂಚಲು ಅಡ್ಡ ಬರುತ್ತದೆ. ಈಜಿಪ್ಟಿನ ನಾಗರಹಾವಿನಲ್ಲಿ ಇದನ್ನು 2001ರಲ್ಲಿ ಸ್ಪಷ್ಟವಾಗಿ ತೋರಿಸಲಾಯಿತು. ಅಂಥದೇ ಗೊಂಚಲನ್ನು ಇಲಿಯ ಬೀಗಕ್ಕೆ ಪ್ರಯೋಗಾಲಯದಲ್ಲಿ ಅಂಟಿಸಿದಾಗ ಅದಕ್ಕೂ ವಿಷ ತಾಗುವುದು ಬಹಳ ಕಡಿಮೆಯಾಯಿತು.

ಮುಂಗುಸಿಯ ಗುಟ್ಟು ಕೂಡ ಇದೇ. ಅದು ಯಾವುದೋ ಬೇರು ತಿಂದು ಬಂದು ಹಾವಿನೊಂದಿಗೆ ಕಾದುತ್ತದೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಬೇರೂ ಇಲ್ಲ, ನಾರೂ ಇಲ್ಲ. ಮುಂಗುಸಿಯ ಸ್ನಾಯುವಿನ ಬೀಗವೂ ಸ್ವಲ್ಪ ಬದಲಾಗಿದೆ ಎಂದು 1990ರ ದಶಕದ ಆರಂಭದಲ್ಲೇ ಕಂಡುಬಂತು. ಅದರ ಮಿಂಚಿನಂಥ ಚುರುಕು, ನಿಮಿರಿದ ಕೂದಲು ಇದರ ಜೊತೆ ಸೇರಿದ್ದರಿಂದ ಅದು ಗೆಲ್ಲುತ್ತದೆ. ಆದರೂ ಸಾಕಷ್ಟು ವಿಷ ಇಳಿದರೆ ಮುಂಗುಸಿಯೂ ಸಾಯಬಲ್ಲದು.

ಕಾಳಿಂಗ ಹೇಳುವ ಪಾಠ

ಹಾಗಾದರೆ ಹಾವಿಗೆ ವಿಷ ಏರುವುದೇ ಇಲ್ಲವೇ? ಇಲ್ಲೊಂದು ಎಚ್ಚರ ಬೇಕು. ಹಾವಿನ ಕಾವಲು ತನ್ನ ವಿಷಕ್ಕೆ ಮಾತ್ರ ತಕ್ಕುದು, ಎಲ್ಲ ಹಾವುಗಳ ವಿಷಕ್ಕೂ ಅಲ್ಲ.

ಇದಕ್ಕೆ ಸಾಕ್ಷಿ ನಮ್ಮ ಘಟ್ಟದಲ್ಲೇ ಇದೆ. ಕಾಳಿ ನದಿಯ ಮೇಲ್ದಂಡೆಯ ಕದ್ರಾ, ಕೈಗಾ ಕಡೆಯ ಕಾಡುಗಳಿಗೂ ಅಂಕೋಲೆಯ ಘಟ್ಟದ ಬುಡದ ಹಳ್ಳಿಗಳಿಗೂ ಕಾಳಿಂಗ ಸರ್ಪ ಹೊಸಬನಲ್ಲ. ಅದರ ಊಟವೇ ಹಾವು. ಕೇರೆ ಹಾವನ್ನು ಹಿಡಿಯುವಂತೆಯೇ ನಾಗರಹಾವನ್ನೂ ಹಿಡಿದು ಕೊಂದು ನುಂಗುತ್ತದೆ. ನಾಗರಕ್ಕೆ ತನ್ನ ವಿಷದ ಕಾವಲಿದ್ದರೂ ಕಾಳಿಂಗದ ಮುಂದೆ ಅದು ಸಾಲುವುದಿಲ್ಲ. ಅಷ್ಟೇ ಅಲ್ಲ, ಗಂಡು ಕಾಳಿಂಗ ಕೆಲವೊಮ್ಮೆ ಹೆಣ್ಣು ಕಾಳಿಂಗವನ್ನೇ ಕಚ್ಚಿ ಕೊಂದು ನುಂಗಿದ್ದನ್ನು ಪಶ್ಚಿಮ ಘಟ್ಟದಲ್ಲೇ ಕಂಡವರಿದ್ದಾರೆ. ಅಂದರೆ ಸ್ವಂತ ಜಾತಿಯ ವಿಷವೂ ಅತಿಯಾದರೆ, ಅಥವಾ ಹಲ್ಲು ಹೃದಯ, ತಲೆಯಂಥ ಮರ್ಮಸ್ಥಾನಕ್ಕೆ ನಾಟಿದರೆ ಹಾವೂ ಸಾಯಬಹುದು. ಗಂಡು ಹಾವುಗಳು ಹೆಣ್ಣಿಗಾಗಿ ಕಾದಾಡುವಾಗ ಸಾಮಾನ್ಯವಾಗಿ ಕಚ್ಚುವ ಬದಲು ಕುಸ್ತಿಯಾಡಿ, ಎದುರಾಳಿಯ ತಲೆಯನ್ನು ನೆಲಕ್ಕೆ ಒತ್ತುತ್ತವೆ. ಇದನ್ನೇ ನಾವು ಹಾವುಗಳ 'ಸರಸ' ಎಂದು ತಪ್ಪಾಗಿ ತಿಳಿಯುತ್ತೇವೆ.

ಪಶ್ಚಿಮ ಘಟ್ಟದ ಕಾಳಿಂಗ ಬೇರೆಯೇ ಜಾತಿ ಎಂದು ವಿಜ್ಞಾನಿಗಳು 2024ರಲ್ಲಿ ಗುರುತಿಸಿ, ನಮ್ಮ ಕನ್ನಡದ 'ಕಾಳಿಂಗ' ಪದವನ್ನೇ ಅದರ ವೈಜ್ಞಾನಿಕ ಹೆಸರಿಗೆ ಸೇರಿಸಿದರೆಂಬುದು ಸಂತಸದ ಸಂಗತಿ.

ಒಟ್ಟಿನಲ್ಲಿ ಮಕ್ಕಳಿಗೆ ನೀವು ಹೀಗೆ ಉತ್ತರಿಸಬಹುದು: 'ನಾಗರ ತನ್ನ ನಾಲಿಗೆ ಕಚ್ಚಿಕೊಂಡರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಆದರೆ ಬೇರೆ ಹಾವಿನ ವಿಷ ಅದಕ್ಕೂ ವಿಷವೇ.'

ಆ ಕಾವಲು ನಮಗೇಕಿಲ್ಲ?

ಹಾವಿನ ಈ ರಕ್ಷಣೆ ಒಂದು ಜನ್ಮದ ಗಳಿಕೆಯಲ್ಲ. ಲಕ್ಷಾಂತರ ವರ್ಷಗಳ ವಂಶವಾಹಿಯ ಆಸ್ತಿ. ಮೊಟ್ಟೆಯಿಂದ ಹೊರಬಂದ ನಾಗರದ ಮರಿಗೂ ಅದು ಹುಟ್ಟಿನಿಂದಲೇ ಇರುತ್ತದೆ. (ಮರಿಗೆ ವಿಷವೂ ಹುಟ್ಟಿನಿಂದಲೇ ಇರುತ್ತದೆ, 'ಮರಿ ತಾನೇ' ಎಂದು ಹಿಡಿಯಲು ಹೋಗಬೇಡಿ.) ಮನುಷ್ಯನ ವಂಶಕ್ಕೆ ಆ ಆಸ್ತಿ ಬಂದಿಲ್ಲ. ಈಗ ಮೊದಲು ಹೇಳಿದ ನಂಬಿಕೆಗಳನ್ನು ಈ ಬೆಳಕಿನಲ್ಲಿ ನೋಡಿ.

'ಹಾವಿನ ರಕ್ತ, ಮಾಂಸದಲ್ಲಿ ಮದ್ದಿದೆ': ಹಾವಿನ ರಕ್ತದಲ್ಲಿ ಕಾವಲಿನ ಪ್ರೋಟೀನು ಇರುವುದು ನಿಜ. ಆದರೆ ಅದನ್ನು ಕುಡಿದರೆ? ವಿಷವನ್ನು ಅರಗಿಸಿದ ಅದೇ ಜಠರ ಈ ಪ್ರೋಟೀನನ್ನೂ ಅರಗಿಸಿಬಿಡುತ್ತದೆ. ರಕ್ತಕ್ಕೆ ಏನೂ ತಲುಪುವುದಿಲ್ಲ. ಹಸಿ ಮಾಂಸದಿಂದ ಬೇರೆ ರೋಗ ಬರಬಹುದು, ಅಷ್ಟೆ.

'ಒಮ್ಮೆ ಕಚ್ಚಿಸಿಕೊಂಡವನಿಗೆ ಮತ್ತೆ ಏರುವುದಿಲ್ಲ': ದಡಾರ ಒಮ್ಮೆ ಬಂದರೆ ಮತ್ತೆ ಬರುವುದು ಅಪರೂಪ ಎಂಬುದನ್ನು ಕೇಳಿದವರು ಹಾವಿಗೂ ಇದೇ ಲೆಕ್ಕ ಹಾಕುತ್ತಾರೆ. ಒಂದು ಕಡಿತದಿಂದ ಹುಟ್ಟುವ ಪ್ರತಿಕಾಯಗಳು ಮುಂದಿನ ಕಡಿತದ ವಿಷವನ್ನು ತಡೆಯುವಷ್ಟು ಇರುವುದಿಲ್ಲ, ಬಹುಕಾಲ ಉಳಿಯುವುದೂ ಇಲ್ಲ. ಅಮೆರಿಕದ ಟಿಮ್ ಫ್ರೀಡ್ ಎಂಬಾತ ಸುಮಾರು 18 ವರ್ಷ ಕಾಲ ನೂರಾರು ಬಾರಿ ವಿಷವನ್ನು ತನಗೆ ತಾನೇ ಚುಚ್ಚಿಕೊಂಡ, ಹಾವುಗಳಿಂದ ಕಚ್ಚಿಸಿಕೊಂಡ. ಆತನ ರಕ್ತದ ಪ್ರತಿಕಾಯಗಳಿಂದ ಹೊಸ ಔಷಧ ತಯಾರಿಸಬಹುದೆಂದು 2025ರಲ್ಲಿ ಸಂಶೋಧಕರು ಪ್ರಕಟಿಸಿದರು. ಆದರೆ ಆರಂಭದಲ್ಲಿ, 2001ರಲ್ಲಿ, ಎರಡು ನಾಗರಗಳ ಕಡಿತದಿಂದ ಆತ ಕೋಮಾಕ್ಕೆ ಹೋಗಿ ಸಾವಿನ ಅಂಚಿನಿಂದ ಮರಳಿದ್ದ ಎಂಬುದನ್ನು ಮರೆಯಬಾರದು. ಬೇರೆ ಯಾರೂ ಮಾಡಬಾರದ ಕೆಲಸ ಅದು. ನಮ್ಮ ಗದ್ದೆಯಲ್ಲಿ ಎರಡನೇ ಸಲ ಕಚ್ಚಿಸಿಕೊಂಡವರಿಗೆ ಮೊದಲ ಸಲದಷ್ಟೇ ಚಿಕಿತ್ಸೆ ಬೇಕು. ಕೆಲವರಿಗೆ ಅಲರ್ಜಿಯ ಅಪಾಯ ಇನ್ನೂ ಹೆಚ್ಚು.

'ಬೇರು ಅರೆದು ಕುಡಿಸಿದರೆ ಇಳಿಯುತ್ತದೆ': ಅಂಕೋಲೆ ಸೀಮೆಯ ಹಾಲಕ್ಕಿ ಒಕ್ಕಲಿಗರ ಗಿಡಮೂಲಿಕೆಯ ಅರಿವು ದೊಡ್ಡದು. ಹೊನ್ನಳ್ಳಿಯ ತುಳಸಿ ಗೌಡರು ಗಿಡಮರಗಳ ಸೇವೆಗಾಗಿ ಪದ್ಮಶ್ರೀ ಪಡೆದ ನೆಲ ಇದು. ಆ ಅರಿವಿಗೆ ಗೌರವ ಕೊಡೋಣ. ಆದರೆ ರಕ್ತದಲ್ಲಿ ಹರಿಯುತ್ತಿರುವ ಹಾವಿನ ವಿಷವನ್ನು ಹಿಡಿದು ನಿಲ್ಲಿಸುವ ಬೇರು ಯಾವುದೂ ಸಿದ್ಧಪಟ್ಟಿಲ್ಲ. ಹಾವಿನ ಮದ್ದೆಂದು ಹೆಸರಾದ ಈಶ್ವರಿ ಬೇರಿನಲ್ಲಿ ಮೂತ್ರಪಿಂಡಕ್ಕೆ ಹಾನಿ ಮಾಡುವ ಆಮ್ಲವೊಂದಿದೆ ಎಂಬುದು ಈಗ ಖಚಿತ. ಕೊಳಕುಮಂಡಲ ಕಚ್ಚಿದವರ ಮೂತ್ರಪಿಂಡ ಮೊದಲೇ ಕಷ್ಟದಲ್ಲಿರುತ್ತದೆ. ಅದರ ಮೇಲೆ ಈ ಹೊರೆ ಬೇಡ.

'ವಿಷದ ಕಲ್ಲು ಅಂಟಿಸಿದರೆ ಹೀರುತ್ತದೆ': ಈ ಕಲ್ಲು ಬಹುಮಟ್ಟಿಗೆ ಸುಟ್ಟ ಮೂಳೆ. ಒಣಗಿದ ರಂಧ್ರಗಳಿರುವುದರಿಂದ ಹಸಿ ಗಾಯಕ್ಕೆ ಅಂಟಿಕೊಳ್ಳುತ್ತದೆ. ಅಂಟುವುದು ನಿಜ, ವಿಷ ಹೀರುವುದು ಸುಳ್ಳು.

ಹಾಗಾದರೆ ಇವುಗಳಿಂದ ಬದುಕಿದವರು ಊರಲ್ಲಿ ಇದ್ದಾರಲ್ಲ ಎಂದು ನೀವು ಕೇಳಬಹುದು. ಇದ್ದಾರೆ. ನಮ್ಮ ದೇಶದ 300ಕ್ಕೂ ಹೆಚ್ಚು ಜಾತಿಯ ಹಾವುಗಳಲ್ಲಿ ವಿಷದವು ಸುಮಾರು 60 ಮಾತ್ರ. ಕೇರೆ, ನೀರುಹಾವು ಕಚ್ಚಿದವರಿಗೆ ಏನು ಕೊಟ್ಟರೂ ಬದುಕುತ್ತಾರೆ, ಏನೂ ಕೊಡದಿದ್ದರೂ ಬದುಕುತ್ತಾರೆ. ವಿಷದ ಹಾವು ಕೂಡ ಎಷ್ಟೋ ಸಲ ವಿಷ ಬಿಡದೆ ಹೆದರಿಸಲಷ್ಟೇ ಕಚ್ಚುತ್ತದೆ. ಇದನ್ನು ನಾವು 'ಒಣ ಕಡಿತ' ಎನ್ನುತ್ತೇವೆ. ಈ ಎಲ್ಲರ ಕೀರ್ತಿ ಮದ್ದು ಕೊಟ್ಟವರಿಗೆ ಸಲ್ಲುತ್ತದೆ. ನಿಜವಾಗಿ ವಿಷ ಇಳಿದವನ ಮನೆಯವರು ಮಾತ್ರ 'ಹಣೆಬರಹ' ಎಂದು ಸುಮ್ಮನಾಗುತ್ತಾರೆ. ಕಳೆದುಹೋದ ಎರಡು ಮೂರು ಗಂಟೆಗಳ ಲೆಕ್ಕ ಯಾರೂ ಇಡುವುದಿಲ್ಲ.

ಕುದುರೆಯಿಂದ ತಂದ ಎರವಲು

ನಮಗೆ ಹುಟ್ಟಿನಿಂದ ಕಾವಲಿಲ್ಲ, ಗಳಿಸಲೂ ಆಗುವುದಿಲ್ಲ. ಉಳಿದಿರುವುದು ಒಂದೇ ದಾರಿ - ಎರವಲು ಪಡೆಯುವುದು. ಆಸ್ಪತ್ರೆಯಲ್ಲಿ ಕೊಡುವ ಹಾವಿನ ವಿಷನಿರೋಧಕ ಚುಚ್ಚುಮದ್ದು, ಅಂದರೆ ಎಎಸ್‌ವಿ, ಇಂಥ ಎರವಲು ರಕ್ಷಣೆ.

ಫ್ರಾನ್ಸಿನ ವೈದ್ಯ ಆಲ್ಬರ್ಟ್ ಕಾಲ್ಮೆಟ್ 1890ರ ದಶಕದ ನಡುವಿನಲ್ಲಿ ಇದನ್ನು ಬಳಕೆಗೆ ತಂದ. ಕುದುರೆಗೆ ಸಾಯದಷ್ಟು ಸ್ವಲ್ಪ ವಿಷವನ್ನು ಚುಚ್ಚುತ್ತಾರೆ. ಕ್ರಮೇಣ ಪ್ರಮಾಣ ಹೆಚ್ಚಿಸುತ್ತಾ ಹೋಗುತ್ತಾರೆ. ಕುದುರೆಯ ರಕ್ತದಲ್ಲಿ ಆ ವಿಷದ ವಿರುದ್ಧ ಪ್ರತಿಕಾಯಗಳು ತುಂಬಿಕೊಳ್ಳುತ್ತವೆ. ಆ ರಕ್ತದಿಂದ ಪ್ರತಿಕಾಯಗಳನ್ನು ಶುದ್ಧೀಕರಿಸಿ ಸೀಸೆಗೆ ತುಂಬುತ್ತಾರೆ. ಇದಕ್ಕೆ ಬೇಕಾದ ವಿಷದ ಬಹುಭಾಗ ಒದಗಿಸುವುದು ತಮಿಳುನಾಡಿನಲ್ಲಿ 1978ರಲ್ಲಿ ಸ್ಥಾಪನೆಯಾದ ಇರುಳರ ಹಾವು ಹಿಡಿಯುವವರ ಸಹಕಾರ ಸಂಘ.

ನಮ್ಮ ದೇಶದ ಎಎಸ್‌ವಿ ನಾಲ್ಕು ಹಾವುಗಳ ವಿಷದ ವಿರುದ್ಧ ತಯಾರಾದದ್ದು - ನಾಗರ, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸ ಮಂಡಲ. ಆದ್ದರಿಂದ ಈ ನಾಲ್ಕರಲ್ಲಿ ಯಾವುದು ಕಚ್ಚಿದರೂ ಮದ್ದು ಒಂದೇ. ಹಾವನ್ನು ಹೊಡೆದು ಆಸ್ಪತ್ರೆಗೆ ತರುವ ಅಗತ್ಯವಿಲ್ಲ. ವಿಷ ಏರಿದ ಲಕ್ಷಣ ಕಂಡರೆ ಸಾಮಾನ್ಯವಾಗಿ 8ರಿಂದ 10 ಸೀಸೆಗಳನ್ನು ಡ್ರಿಪ್‌ನಲ್ಲಿ ಕೊಡಲು ಆರಂಭಿಸುತ್ತೇವೆ. ಮಗುವಿಗೂ ಅಷ್ಟೇ ಪ್ರಮಾಣ. ಏಕೆಂದರೆ ಹಾವು ಮಗುವೆಂದು ಕಡಿಮೆ ವಿಷ ಬಿಡುವುದಿಲ್ಲ.

ಎರವಲಿಗೆ ಮಿತಿಗಳೂ ಇವೆ. ಎಎಸ್‌ವಿ ರಕ್ತದಲ್ಲಿ ತೇಲುತ್ತಿರುವ ವಿಷವನ್ನು ಹಿಡಿಯುತ್ತದೆ, ಆಗಲೇ ಆಗಿಹೋದ ಹಾನಿಯನ್ನು ಸರಿಪಡಿಸುವುದಿಲ್ಲ. ತಡವಾದಷ್ಟೂ ಪ್ರಯೋಜನ ಕಡಿಮೆ. ಕುದುರೆಯ ಪ್ರೋಟೀನಾದ್ದರಿಂದ ಕೆಲವರಿಗೆ ಅಲರ್ಜಿಯಾಗುತ್ತದೆ. ಅದಕ್ಕೆ ಮದ್ದು ಕೈಯಲ್ಲೇ ಇಟ್ಟುಕೊಂಡು ಕೊಡುತ್ತೇವೆ. ಹಾಗಾಗಿ ಇದನ್ನು ಮನೆಯಲ್ಲಿ ಚುಚ್ಚಿಸಿಕೊಳ್ಳುವಂತಿಲ್ಲ.

ಇನ್ನೊಂದು ಮಿತಿ ನಮ್ಮ ಸೀಮೆಗೆ ವಿಶೇಷವಾಗಿ ಮುಖ್ಯ. ಘಟ್ಟದ ತಪ್ಪಲಿನ ತೋಟಗಳ ಎಲೆರಾಶಿಯಲ್ಲಿರುವ ಉಬ್ಬುಮೂಗಿನ ಗುಳಿಮಂಡಲ, ಗಿಡದ ಮೇಲಿರುವ ಮಲಬಾರ್ ಗುಳಿಮಂಡಲ, ಕಾಳಿಂಗ ಮತ್ತು ಕಡಲ ಹಾವುಗಳು ಆ ನಾಲ್ಕರ ಪಟ್ಟಿಯಲ್ಲಿಲ್ಲ. ಇವುಗಳಿಗೆ ನಮ್ಮ ಎಎಸ್‌ವಿ ನೆಚ್ಚಿಕೊಳ್ಳುವಂಥದ್ದಲ್ಲ. ಹಾಗೆಂದು ಆಸ್ಪತ್ರೆ ಬೇಡವೆಂದಲ್ಲ. ಉಸಿರಾಟದ ಯಂತ್ರ, ಡಯಾಲಿಸಿಸ್, ರಕ್ತದ ಪರೀಕ್ಷೆಗಳಿಂದಲೇ ಎಷ್ಟೋ ಜನರನ್ನು ಉಳಿಸಿಕೊಳ್ಳಬಹುದು.

ಇದಕ್ಕೂ ಪರಿಹಾರ ಹುಡುಕುವ ಕೆಲಸ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯವರೊಂದಿಗೆ ಸೇರಿ, ನಾಗರ, ಕಾಳಿಂಗ, ಕಟ್ಟುಹಾವಿನಂಥ ಹಲವು ಹಾವುಗಳ ನರವಿಷವನ್ನು ಒಟ್ಟಿಗೇ ಹಿಡಿಯಬಲ್ಲ ಪ್ರತಿಕಾಯವೊಂದನ್ನು ಪ್ರಯೋಗಾಲಯದಲ್ಲಿ ರೂಪಿಸಿ 2024ರಲ್ಲಿ ಪ್ರಕಟಿಸಿದ್ದಾರೆ. ಇಲಿಗಳ ಮೇಲಿನ ಪ್ರಯೋಗ ಆಶಾದಾಯಕವಾಗಿತ್ತು. ಅದಕ್ಕೆ ಕುದುರೆಯೇ ಬೇಡ.

ನಮ್ಮ ಊರಲ್ಲಿ ಯಾರಿಗೆ, ಯಾವಾಗ?

ಹಾವು ಕಡಿತ ಬಡವರ, ದುಡಿಯುವವರ ಕಾಯಿಲೆ. ಭಾರತದಲ್ಲಿ 2000ದಿಂದ 2019ರವರೆಗಿನ ಅಂದಾಜಿನಂತೆ ವರ್ಷಕ್ಕೆ ಸರಾಸರಿ 58,000 ಜನ ಇದರಿಂದ ಸತ್ತಿದ್ದಾರೆ. ಹೆಚ್ಚಿನವು ಹಳ್ಳಿಗಳಲ್ಲಿ, ಮಳೆಗಾಲದಲ್ಲಿ ಆದ ಸಾವುಗಳು.

ಗಜನಿ ಗದ್ದೆಯಲ್ಲಿ ನಾಟಿ, ಕೊಯ್ಲು ಮಾಡುವವರು, ಸೊಪ್ಪಿನ ಬೆಟ್ಟದಲ್ಲಿ ದರಕು ಗುಡಿಸುವ ಹೆಂಗಸರು, ಹುಲ್ಲಿನ ಬಣವೆಗೆ ಕೈ ಹಾಕುವವರು - ಇವರ ಕಾಲು, ಕೈಗಳಿಗೆ ಮಂಡಲ ಮತ್ತು ನಾಗರ ಕಚ್ಚುತ್ತವೆ. ನೋವು, ಊತ ಬೇಗ ಕಾಣುತ್ತದೆ. ಮಂಡಲವಾದರೆ ವಸಡಿನಿಂದ, ಗಾಯದಿಂದ ರಕ್ತ ಒಸರಬಹುದು, ಮೂತ್ರ ಕಡಿಮೆಯಾಗಬಹುದು.

ಕಟ್ಟುಹಾವಿನ ರೀತಿ ಬೇರೆ. ಅದು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ನೋವೂ ಇಲ್ಲ, ಊತವೂ ಇಲ್ಲ, ಹಲ್ಲಿನ ಗುರುತೂ ಸರಿಯಾಗಿ ಕಾಣದು. ಬೆಳಗಿನ ಜಾವ ಹೊಟ್ಟೆನೋವು, ವಾಂತಿ, ಆಮೇಲೆ ರೆಪ್ಪೆ ಜೋಲುವುದು. ನೆಲದ ಮೇಲೆ ಮಲಗಿದ್ದ ಮಗು ಬೆಳಿಗ್ಗೆ ಹೊಟ್ಟೆನೋವೆಂದು ಅತ್ತು ಕಣ್ಣು ತೆರೆಯಲಾಗದೆ ಇದ್ದರೆ ಗ್ಯಾಸ್ಟ್ರಿಕ್ ಎಂದು ಕೂರಬೇಡಿ.

ಕಾರವಾರದ ಬೈತಖೋಲ, ಅಂಕೋಲೆಯ ಬೇಲೆಕೇರಿಯಂಥ ಬಂದರುಗಳ ಮೀನುಗಾರರಿಗೆ ಬಲೆಯಲ್ಲಿ ಸಿಕ್ಕುವ ಕಡಲ ಹಾವು ದಿನನಿತ್ಯದ ಪರಿಚಯ. ಅದು ಕಚ್ಚಿದರೆ ಮೊದಲು ಹೆಚ್ಚು ನೋವಿರುವುದಿಲ್ಲ. ಕೆಲ ಗಂಟೆಗಳಲ್ಲಿ ಮೈಕೈ ಸ್ನಾಯುಗಳ ನೋವು, ಬಿಗಿತ, ಕಪ್ಪು ಬಣ್ಣದ ಮೂತ್ರ. ಬಲೆ ಬಿಡಿಸುವಾಗ ಬರಿಗೈಯಿಂದ ಹಾವನ್ನು ಎತ್ತಿ ಎಸೆಯಬೇಡಿ. ಕೋಲು ಅಥವಾ ಇಕ್ಕಳ ಬಳಸಿ.

ಕರ್ನಾಟಕ ಸರ್ಕಾರ 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆಯೆಂದು ಘೋಷಿಸಿತು. ಸರ್ಕಾರಿ ಆಸ್ಪತ್ರೆಯಿರಲಿ, ಖಾಸಗಿ ಆಸ್ಪತ್ರೆಯಿರಲಿ, ಪ್ರತಿ ಪ್ರಕರಣವನ್ನೂ ವರದಿ ಮಾಡಬೇಕು. ಎಲ್ಲಿ ಎಷ್ಟು ಮದ್ದು ಬೇಕೆಂಬ ಲೆಕ್ಕ ಸಿಗಲು ಇದು ಅಗತ್ಯವಾಗಿತ್ತು. ಆಸ್ಪತ್ರೆಗೆ ಬಾರದೆ ಸತ್ತವರು ಯಾವ ಲೆಕ್ಕಕ್ಕೂ ಸಿಗುವುದಿಲ್ಲ.

ನಮ್ಮಲ್ಲಿ ದಾರಿಯೂ ಒಂದು ಸಮಸ್ಯೆ. ಹಾವು ಹೆಚ್ಚು ಕಚ್ಚುವ ತಿಂಗಳುಗಳೇ ಮರ ಬಿದ್ದು, ಗುಡ್ಡ ಜರಿದು ರಸ್ತೆ ಮುಚ್ಚುವ ತಿಂಗಳುಗಳು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ದಿನಗಟ್ಟಲೆ ಮುಚ್ಚಿದ್ದು ನಿಮಗೆ ನೆನಪಿರಬಹುದು. ಆದ್ದರಿಂದ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಎಎಸ್‌ವಿ ದಾಸ್ತಾನಿದೆ, ಆ ದಾರಿ ಮುಚ್ಚಿದರೆ ಬೇರೆ ದಾರಿ ಯಾವುದು ಎಂಬುದನ್ನು ಮಳೆಗಾಲಕ್ಕೆ ಮೊದಲೇ ವಿಚಾರಿಸಿ ಬರೆದಿಟ್ಟುಕೊಳ್ಳಿ. ಅಂಕೋಲೆಯ ತಾಲೂಕು ಆಸ್ಪತ್ರೆ, ಕಾರವಾರದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಗಳ ದೂರವಾಣಿ ಸಂಖ್ಯೆ ನಿಮ್ಮ ಮನೆಯ ಗೋಡೆಯ ಮೇಲಿರಲಿ. 108ಕ್ಕೆ ಕರೆ ಮಾಡುವುದು ಮಕ್ಕಳಿಗೂ ಗೊತ್ತಿರಲಿ.

ಕಚ್ಚಿದರೆ ಏನು ಮಾಡಬೇಕು?

* ಹಾವಿನಿಂದ ದೂರ ಸರಿಯಿರಿ. ಅದನ್ನು ಹುಡುಕುತ್ತಾ, ಹೊಡೆಯುತ್ತಾ ಸಮಯ ಕಳೆಯಬೇಡಿ. ಸತ್ತ ಹಾವಿನ ತಲೆಯೂ ಸ್ವಲ್ಪ ಹೊತ್ತು ಕಚ್ಚಬಲ್ಲದು.
* ಕಚ್ಚಿಸಿಕೊಂಡವರಿಗೆ ಧೈರ್ಯ ಹೇಳಿ, ಮಲಗಿಸಿ. ನಡೆಸಬೇಡಿ, ಓಡಿಸಬೇಡಿ. ಸ್ನಾಯು ಆಡಿದಷ್ಟೂ ವಿಷ ಬೇಗ ಹರಡುತ್ತದೆ.
* ಮುರಿದ ಮೂಳೆಗೆ ಕಟ್ಟುವಂತೆ ಕಚ್ಚಿದ ಕೈ ಅಥವಾ ಕಾಲಿಗೆ ಕೋಲಿಟ್ಟು ಸಡಿಲವಾಗಿ ಬಟ್ಟೆ ಕಟ್ಟಿ, ಅಲುಗದಂತೆ ಇಡಿ.
* ಉಂಗುರ, ಬಳೆ, ಕಾಲ್ಗೆಜ್ಜೆ, ಕೈಗಡಿಯಾರ ತೆಗೆದುಬಿಡಿ. ಊತ ಬಂದ ಮೇಲೆ ತೆಗೆಯಲಾಗದು.
* ಕಚ್ಚಿದ ಹೊತ್ತು ಎಷ್ಟೆಂದು ನೆನಪಿಡಿ. ರೆಪ್ಪೆ ಜೋತದ್ದು, ವಾಂತಿ, ರಕ್ತ ಕಂಡದ್ದು ಯಾವಾಗ ಎಂಬುದನ್ನೂ ವೈದ್ಯರಿಗೆ ಹೇಳಿ.
* ವಾಹನದಲ್ಲಿ ಎಡಮಗ್ಗುಲಿಗೆ ಮಲಗಿಸಿ ಕರೆದೊಯ್ಯಿರಿ. ವಾಂತಿಯಾದರೆ ಶ್ವಾಸನಾಳಕ್ಕೆ ಹೋಗದು.

ಏನು ಮಾಡಬಾರದು?

* ಹಗ್ಗ, ಬೈರಾಸ ಬಿಗಿದು ಕಟ್ಟಬೇಡಿ. ಅದರಿಂದ ಕಾಲೇ ಕೊಳೆಯಬಹುದು. ಆಗಲೇ ಯಾರಾದರೂ ಬಿಗಿಯಾಗಿ ಕಟ್ಟಿದ್ದರೆ ದಾರಿಯಲ್ಲಿ ಫಕ್ಕನೆ ಬಿಚ್ಚಬೇಡಿ, ವೈದ್ಯರೆದುರು ಬಿಚ್ಚಿಸಿ.
* ಬ್ಲೇಡಿನಿಂದ ಕೊಯ್ಯಬೇಡಿ, ಸುಡಬೇಡಿ, ಹೀರಬೇಡಿ, ಐಸ್ ಇಡಬೇಡಿ.
* ಸಾರಾಯಿ, ಕಷಾಯ, ಬೇರಿನ ರಸ ಏನನ್ನೂ ಕುಡಿಸಬೇಡಿ.
* 'ಲಕ್ಷಣ ಏನೂ ಇಲ್ಲ' ಎಂದು ಮನೆಯಲ್ಲೇ ಉಳಿಯಬೇಡಿ. ಆಸ್ಪತ್ರೆಯಲ್ಲಿ 24 ಗಂಟೆ ನಿಗಾ ಇಟ್ಟು ನೋಡುವುದು ಕ್ಷೇಮ. ಮಂಡಲದ ವಿಷ ತಿಳಿಯಲು ಒಂದು ಗಾಜಿನ ನಳಿಕೆಯಲ್ಲಿ ನಿಮ್ಮ ರಕ್ತವನ್ನು 20 ನಿಮಿಷ ಬಿಟ್ಟು, ಹೆಪ್ಪುಗಟ್ಟಿತೇ ಎಂದು ನೋಡಿದರೆ ಸಾಕು. ಅಷ್ಟು ಸರಳ ಪರೀಕ್ಷೆ ಅದು.

ಮನೆಯವರಿಗೆ ಮಂತ್ರ ಹಾಕಿಸಬೇಕೆಂಬ ಮನಸ್ಸಿದ್ದರೆ ಅದಕ್ಕೆ ವೈದ್ಯರ ಅಡ್ಡಿಯೇನಿಲ್ಲ. ಒಬ್ಬರು ದೇವರ ಮುಂದೆ ದೀಪ ಹಚ್ಚಲಿ, ಮಿಕ್ಕವರು ರೋಗಿಯನ್ನು ಆಸ್ಪತ್ರೆಗೆ ಒಯ್ಯಲಿ. ಎರಡೂ ಒಂದೇ ಹೊತ್ತಿಗೆ ನಡೆಯಬಹುದು. ಒಂದಾದ ಮೇಲೆ ಒಂದು ಎಂದಾಗಬಾರದು, ಅಷ್ಟೆ.

ಕಚ್ಚದಂತೆ ಇರಲು

ರಾತ್ರಿ ಅಂಗಳಕ್ಕೆ ಇಳಿಯುವಾಗ ಟಾರ್ಚ್ ಇರಲಿ. ಗದ್ದೆ, ತೋಟಕ್ಕೆ ಹೋಗುವವರು ಉದ್ದನೆಯ ಗಂಬೂಟು ಹಾಕಿಕೊಳ್ಳಿ. ದರಕು, ಸೌದೆ ಎತ್ತುವ ಮೊದಲು ಕೋಲಿನಿಂದ ಕೆದಕಿ. ನೆಲದ ಮೇಲೆ ಮಲಗುವ ಬದಲು ಮಂಚದ ಮೇಲೆ ಮಲಗಿ, ಸೊಳ್ಳೆಪರದೆಯ ಅಂಚನ್ನು ಹಾಸಿಗೆಯಡಿ ಸಿಕ್ಕಿಸಿ. ಈ ಪರದೆ ಸೊಳ್ಳೆಯನ್ನೂ ತಡೆಯುತ್ತದೆ, ಕಟ್ಟುಹಾವನ್ನೂ ತಡೆಯುತ್ತದೆ. ಇಲಿ ಇದ್ದಲ್ಲಿ ಹಾವು ಬರುತ್ತದೆ. ಅಕ್ಕಿ, ಭತ್ತ ಚೆಲ್ಲದಂತೆ ನೋಡಿಕೊಳ್ಳಿ. ಹಾವು ಕಂಡರೆ ಹೊಡೆಯಲು ಹೋಗದೆ ಅರಣ್ಯ ಇಲಾಖೆಗೆ ತಿಳಿಸಿ. ಎಷ್ಟೋ ಕಡಿತಗಳು ಹೊಡೆಯಲು ಹೋದವರಿಗೇ ಆಗಿವೆ.

ಹಾವು ತನ್ನ ವಿಷದಿಂದ ತಾನು ಸಾಯದಿರುವುದಕ್ಕೆ ಕಾರಣ ಪವಾಡವಲ್ಲ, ಅದರ ರಕ್ತ ಮತ್ತು ಸ್ನಾಯುವಿನಲ್ಲಿರುವ ಕಾವಲು. ಆ ಕಾವಲು ಅದರ ಸ್ವಂತದ್ದು, ನಮಗೆ ಬೇರಿನಲ್ಲಾಗಲಿ ಕಲ್ಲಿನಲ್ಲಾಗಲಿ ಸಿಗುವಂಥದ್ದಲ್ಲ. ನಮಗೆ ಸಿಗುವ ಕಾವಲು ಸೀಸೆಯಲ್ಲಿದೆ, ಆಸ್ಪತ್ರೆಯ ಫ್ರಿಜ್ಜಿನಲ್ಲಿದೆ. ಅಲ್ಲಿಗೆ ಬೇಗ ಹೋಗಿ.